ಕತ್ತಿನ ರಕ್ತನಾಳಕ್ಕೆ ಪೈಪ್ ಹಾಕುವಾಗ ಸೂಜಿ ಪಕ್ಕದ ನಾಳಕ್ಕೆ ಹೋದರೆ?

[ದೃಶ್ಯ: ಮಂಡ್ಯದ ಹತ್ತಿರ ವಿ.ಸಿ. ನಾಲೆ. ಪಕ್ಕದ ಕಬ್ಬಿನ ಗದ್ದೆಯಲ್ಲಿ ಪಂಪ್‌ಸೆಟ್.]

ನಮಸ್ಕಾರ. ಆಸ್ಪತ್ರೆ ವಿಷಯ ಹೇಳೋಕೆ ನಾಲೆ ಏರಿ ಮೇಲೆ ನಿಂತಿದ್ದೇನೆ. ನೀರು ನೋಡಿ, ನಿಧಾನಕ್ಕೆ ಹೋಗ್ತಿದೆ. ಅದೇ ಪಂಪ್‌ಸೆಟ್ ಪೈಪ್ ತೂತಾದರೆ ನೀರು ಚಿಮ್ಮುತ್ತದೆ ಅಲ್ವಾ? ನಮ್ಮ ಕತ್ತಿನಲ್ಲೂ ಹೀಗೇ ಎರಡು ರಕ್ತನಾಳ ಅಕ್ಕಪಕ್ಕ ಇವೆ. ಹೃದಯಕ್ಕೆ ರಕ್ತ ವಾಪಸ್ ತರುವ ವೇನ್ ನಾಲೆ ಇದ್ದ ಹಾಗೆ. ಮಿದುಳಿಗೆ ರಕ್ತ ನೂಕುವ ಆರ್ಟರಿ ಪಂಪಿನ ಪೈಪ್ ಇದ್ದ ಹಾಗೆ.

ಐಸಿಯುನಲ್ಲಿ, ತುರ್ತು ಡಯಾಲಿಸಿಸ್‌ನಲ್ಲಿ ಹಾಕುವ ಸೆಂಟ್ರಲ್ ಲೈನ್, ಅಂದರೆ ದೊಡ್ಡ ರಕ್ತನಾಳಕ್ಕೆ ಹಾಕುವ ಪೈಪ್, ವೇನ್‌ಗೆ ಹೋಗಬೇಕು. ಮೊದಲು ಸೂಜಿ, ಅದರೊಳಗಿಂದ ತೆಳು ತಂತಿ, ಆಮೇಲೆ ದಾರಿ ಅಗಲ ಮಾಡುವ ಡೈಲೇಟರ್, ಕೊನೆಗೆ ಪೈಪ್. ಸ್ವೀಡನ್ನಿನ ಡಾಕ್ಟರ್ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ವಿಧಾನ ಇದು.

ಬರೀ ಸೂಜಿ ಆರ್ಟರಿಗೆ ತಾಗಿದರೆ ತೆಗೆದು, ಕೆಲವು ನಿಮಿಷ ಒತ್ತಿ ಹಿಡಿಯುತ್ತಾರೆ. ಸಾಮಾನ್ಯವಾಗಿ ರಕ್ತ ನಿಲ್ಲುತ್ತದೆ. ಗೊತ್ತಾಗದೆ ದಪ್ಪ ಪೈಪೇ ಹೋಗಿಬಿಟ್ಟರೆ? ಕಿತ್ತು ಒತ್ತಿ ಹಿಡಿಯೋಣ ಅನಿಸುತ್ತದೆ. ಹಾಗೆ ಮಾಡಬಾರದು! ಆ ತೂತಿಗೆ ಈಗ ಪೈಪೇ ಬಿರಡೆ. ಕಿತ್ತರೆ ರಕ್ತ ಕತ್ತಿನೊಳಗೆ ತುಂಬಿ ಉಸಿರಿನ ದಾರಿಯನ್ನೇ ಒತ್ತಬಹುದು. ಸ್ಟ್ರೋಕ್ ಕೂಡ ಆಗಬಹುದು. ಪೈಪ್ ಅಲ್ಲೇ ಬಿಟ್ಟು ವ್ಯಾಸ್ಕ್ಯುಲರ್ ಸರ್ಜನ್, ಅಂದರೆ ರಕ್ತನಾಳದ ಆಪರೇಷನ್ ಮಾಡುವ ಡಾಕ್ಟರ್, ಅವರನ್ನು ಕರೆಸಬೇಕು.

ರಕ್ತದ ಬಣ್ಣ ನೋಡಿದರೆ ಗೊತ್ತಾಗಲ್ವಾ ಅಂತ ಕೇಳಬಹುದು. ಆರ್ಟರಿ ರಕ್ತ ಕಡುಗೆಂಪಲ್ಲ, ಹೊಳೆಯುವ ಕೆಂಪು, ಚಿಮ್ಮುತ್ತದೆ. ಆದರೆ ಬಿಪಿ ಬಿದ್ದು, ಆಕ್ಸಿಜನ್ ಕಮ್ಮಿಯಾದವರಲ್ಲಿ ಅದೂ ಕಪ್ಪಗೆ, ಸುಮ್ನೆ ಜಿನುಗಬಹುದು. ಸೆಂಟ್ರಲ್ ಲೈನ್ ಬೇಕಾಗುವುದು ಹೆಚ್ಚಾಗಿ ಅಂಥವರಿಗೇ.

[ದೃಶ್ಯ: ಅಲ್ಟ್ರಾಸೌಂಡ್ ಪರದೆ. ಎರಡು ಕಪ್ಪು ವೃತ್ತ.]

ಅದಕ್ಕೇ ಅಲ್ಟ್ರಾಸೌಂಡ್ ಬೇಕು. ಕತ್ತಿನ ಮೇಲೆ ಜೆಲ್ ಹಚ್ಚಿ ಅದರ ಪ್ರೋಬ್ ಇಟ್ಟಿದ್ದಾರೆ. ಮೆತ್ತಗೆ ಒತ್ತಿದರು. ನೋಡಿ, ಒಂದು ವೃತ್ತ ಚಪ್ಪಟೆ ಆಯ್ತು, ಅದು ವೇನ್. ಇನ್ನೊಂದು ಜಗ್ಗಲಿಲ್ಲ, ಮಿಡಿಯುತ್ತಲೇ ಇದೆ, ಅದು ಆರ್ಟರಿ. ಸೂಜಿ ಹಾಕುವಾಗ ನೋಡಿದರೆ ಸಾಲದು. ಡೈಲೇಟರ್ ತಳ್ಳುವ ಮುಂಚೆ ತಂತಿ ವೇನ್‌ನಲ್ಲೇ ಇದೆಯಾ ಅಂತ ಮತ್ತೊಮ್ಮೆ ನೋಡಲೇಬೇಕು. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದಕ್ಕಿಂತ ಬೆಲೆಬಾಳುವ ಅರ್ಧ ನಿಮಿಷ ಇನ್ನೊಂದಿಲ್ಲ.

ಕಿಡ್ನಿ ತೊಂದರೆ ಇರುವವರಿಗೆ ಇನ್ನೊಂದು ಮಾತು. ಕಾಲರ್ ಮೂಳೆ ಕೆಳಗಿನ ವೇನ್‌ಗೆ ಪೈಪ್ ಹಾಕಿದರೆ ಮುಂದೆ ಅದು ಕಿರಿದಾಗಬಹುದು. ಕೈ ಊದುತ್ತದೆ, ಆ ಕೈಯ ಫಿಸ್ಟುಲಾ, ಅಂದರೆ ಡಯಾಲಿಸಿಸ್‌ಗೆ ಅಂತ ಆರ್ಟರಿ, ವೇನ್ ಜೋಡಿಸಿದ ಜಾಗ, ಕೆಡಬಹುದು. ಅದಕ್ಕೇ ಬಲಗಡೆ ಕತ್ತು ಮೊದಲ ಆಯ್ಕೆ.

ಪೈಪ್ ಹಾಕಿದ ಮೇಲೆ ಕತ್ತು ಊದಿದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ, ಕೈ ಸೋತರೆ ತಕ್ಷಣ ಸಿಸ್ಟರ್‌ನ ಕರೆಯಿರಿ. ರಾತ್ರಿ ಎರಡು ಗಂಟೆ ಆಗಿದ್ದರೂ ಸರಿ, ಬೆಳಗಿನ ರೌಂಡ್ಸ್‌ವರೆಗೆ ಕಾಯಬೇಡಿ.