ಒಡೆದದ್ದು ಯಾವುದು? – ಇಂಗ್ಲಿಷಿನ ಜಗಳದ ಮಾತುಗಳು

ಕೇಳುಗರಿಗೆ ನಮಸ್ಕಾರ.

ಇಂಗ್ಲಿಷಿನಲ್ಲಿ ಬರೆಯುವಾಗ ನಮಗೆ ಅಣ್ಣತಮ್ಮಂದಿರ ಜಗಳಕ್ಕೂ ಫೈಟ್, ಗಂಡಹೆಂಡಿರ ಮುನಿಸಿಗೂ ಫೈಟ್, ಸಭೆಯಲ್ಲಿ ಯಾರೋ ಒಬ್ಬರು ಒಪ್ಪದಿದ್ದರೆ ಅದಕ್ಕೂ ಫೈಟ್. ಪರೀಕ್ಷೆಯ ಉತ್ತರಪತ್ರಿಕೆಯಲ್ಲೂ ಇದೇ, ಕಚೇರಿಯ ಪತ್ರದಲ್ಲೂ ಇದೇ. ಕನ್ನಡದಲ್ಲಿ ನಾವು ಹೀಗೆ ಮಾತಾಡುತ್ತೇವೆಯೇ? ನಮಗೆ ಮನಸ್ತಾಪ ಬೇರೆ, ತಕರಾರು ಬೇರೆ, ವ್ಯಾಜ್ಯ ಬೇರೆ, ಹಗೆ ಬೇರೆ. ಇಂಗ್ಲಿಷಿನವರಿಗೂ ಹಾಗೇ. ಇವತ್ತು ನಾನು ಹೇಳುವುದು ಒಂದೇ ಮಾತು. ಪದ ಹುಡುಕುವ ಮೊದಲು, ಒಡೆದದ್ದು ಯಾವುದು ಎಂದು ಕೇಳಿಕೊಳ್ಳಿ. ಮನಸ್ಸೋ, ಸ್ವರವೋ, ಅಭಿಪ್ರಾಯವೋ, ಹಕ್ಕೋ?

ಡಿಸ್ಕಾರ್ಡ್ ತೆಗೆದುಕೊಳ್ಳಿ. ಲ್ಯಾಟಿನ್ನಿನಲ್ಲಿ ‘ಕಾರ್’ ಅಂದರೆ ಹೃದಯ, ‘ಡಿಸ್’ ಅಂದರೆ ಬೇರೆ ಬೇರೆ. ಎದೆಗಳು ದೂರವಾದರೆ ಡಿಸ್ಕಾರ್ಡ್. ನಮ್ಮ ವೈಮನಸ್ಯ ಇದರ ಒಡಹುಟ್ಟು ಅನ್ನಬಹುದು, ಅಲ್ಲಿ ಎದೆ, ಇಲ್ಲಿ ಮನಸ್ಸು. ಕೂಡಿ ಬಾಳಬೇಕಾದವರು ಕೂಡದಿದ್ದಾಗ ಈ ಪದ: ಒಂದು ಮನೆ, ಒಂದು ಪಕ್ಷ, ಒಂದು ತಂಡ. ಕೂಗಾಟ ಇರಲೇಬೇಕೆಂದಿಲ್ಲ. ಒಂದೇ ಅಡುಗೆಮನೆಯಲ್ಲಿ ಮೂರು ತಿಂಗಳಿಂದ ಮಾತು ಬಿಟ್ಟ ವಾರಗಿತ್ತಿಯರ ನಡುವೆ ಇರುವುದು ಡಿಸ್ಕಾರ್ಡ್. ಅಲ್ಲಿ ಫೈಟ್ ಎಲ್ಲಿದೆ, ಹೇಳಿ? ‘ದೇರ್ ಈಸ್ ಡಿಸ್ಕಾರ್ಡ್ ಇನ್ ದ ಫ್ಯಾಮಿಲಿ’ ಎಂದು ಬರೆಯಿರಿ. ‘ಎ ಡಿಸ್ಕಾರ್ಡ್ ಹ್ಯಾಪನ್ಡ್’ ಎಂದು ದಯವಿಟ್ಟು ಬರೆಯಬೇಡಿ. ಅದು ನಡೆದುಹೋಗುವ ಘಟನೆಯಲ್ಲ, ಇರುವ ಸ್ಥಿತಿ.

ಒಡೆದದ್ದು ಸ್ವರವಾದರೆ? ಹಾರ್ಮೋನಿಯಂನ ಒಂದು ಬಿಳಿ ಮನೆ, ಅದಕ್ಕೆ ತಾಗಿದ ಕರಿ ಮನೆ, ಎರಡನ್ನೂ ಒಟ್ಟಿಗೆ ಒತ್ತಿ ಗಾಳಿ ಹಾಕಿ ನೋಡಿ. ಬೇರೆ ಬೇರೆಯಾಗಿ ನುಡಿಸಿದರೆ ಎರಡೂ ಇಂಪಾದ ಸ್ವರಗಳೇ. ಒಟ್ಟಿಗೆ ಬಂದಾಗ ಮಾತ್ರ ನಾದ ನಡುಗುತ್ತದೆ, ಒಂದನ್ನೊಂದು ಕಚ್ಚುತ್ತದೆ. ಇದು ಡಿಸೊನೆನ್ಸ್. ಬಸ್‌ಸ್ಟ್ಯಾಂಡಿನಲ್ಲಿ ಹತ್ತು ಹಾರ್ನು, ಕಂಡಕ್ಟರುಗಳ ಕೂಗು, ಧ್ವನಿವರ್ಧಕ ಎಲ್ಲ ಸೇರಿದರೆ ಅದು ಕಕಾಫನಿ. ಗ್ರೀಕಿನಲ್ಲಿ ‘ಕಾಕೋಸ್’ ಅಂದರೆ ಕೆಟ್ಟದ್ದು, ‘ಫೋನೆ’ ಅಂದರೆ ದನಿ. ನಮ್ಮ ಕಾಕನಿಗೂ, ಅಂದರೆ ಕಾಗೆಗೂ, ಇದಕ್ಕೂ ನೆಂಟಸ್ತಿಕೆಯಿಲ್ಲ, ನೆನಪಿಡಲು ಅನುಕೂಲ ಅಷ್ಟೇ. ಇನ್ನು ಡಿಸೊನೆನ್ಸ್‌ಗೆ ಎರಡನೆಯ ಮನುಷ್ಯನೇ ಬೇಕಿಲ್ಲ. ಸಿಗರೇಟು ಕೆಟ್ಟದ್ದು ಎಂದು ಗೊತ್ತಿದ್ದೂ ಸೇದುವವನ ತಲೆಯೊಳಗೇ ಎರಡು ಸ್ವರ ಕಚ್ಚಾಡುತ್ತವಲ್ಲ, ಅದಕ್ಕೆ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಕಾಗ್ನಿಟಿವ್ ಡಿಸೊನೆನ್ಸ್ ಎಂದರು.

ಈಗ ಈ ಪದಗಳಿಗೆಲ್ಲ ತಾಯಿಯಂಥವಳ ಕತೆ. ಗ್ರೀಕರಲ್ಲಿ ಕಲಹಕ್ಕೇ ಒಬ್ಬ ದೇವತೆ, ಏರಿಸ್. ರೋಮನರು ಅವಳನ್ನು ಡಿಸ್ಕಾರ್ಡಿಯಾ ಎಂದು ಕರೆದರು. ಪೀಲಿಯಸ್ ಮತ್ತು ಥೀಟಿಸ್‌ರ ಮದುವೆಗೆ ದೇವತೆಗಳನ್ನೆಲ್ಲ ಕರೆದರು, ಇವಳೊಬ್ಬಳನ್ನು ಬಿಟ್ಟು. ಜಗಳಗಂಟಿಯನ್ನು ಮದುವೆಗೆ ಯಾರು ಕರೆದಾರು? ಆದರೂ ಬಂದಳು. ಬಂದು ಒಂದು ಚಿನ್ನದ ಸೇಬು ಉರುಳಿಸಿದಳು, ಅದರ ಮೇಲೆ ‘ಅತಿ ಚೆಲುವೆಗೆ’ ಎಂದು ಬರಹ. ಹೀರಾ, ಅಥೀನಾ, ಅಫ್ರೊಡೈಟಿ ಮೂವರೂ ನನ್ನದು ಎಂದರು. ದೇವತೆಗಳ ರಾಜ, ಜಾಣ ಸ್ಯೂಸ್ ತೀರ್ಪನ್ನು ಟ್ರಾಯ್‌ನ ರಾಜಕುಮಾರ ಪ್ಯಾರಿಸ್‌ನ ತಲೆಗೆ ಕಟ್ಟಿದ. ಹೀರಾ ರಾಜ್ಯ ಕೊಡುವೆನೆಂದಳು, ಅಥೀನಾ ಯುದ್ಧದಲ್ಲಿ ಗೆಲುವು ಎಂದಳು, ಅಫ್ರೊಡೈಟಿ ಹೆಲೆನ್‌ಳನ್ನು ಕೊಡುವೆನೆಂದಳು. ಹುಡುಗ ಹೆಲೆನ್‌ಳನ್ನು ಆರಿಸಿಕೊಂಡ, ಅವಳು ಗ್ರೀಕ್ ರಾಜನ ಹೆಂಡತಿ, ಅದಕ್ಕೇ ಯುದ್ಧವಾಗಿ ಟ್ರಾಯ್ ಸುಟ್ಟುಹೋಯಿತು. ಇಂಗ್ಲಿಷಿನಲ್ಲಿ ಜಗಳದ ಮೂಲವನ್ನು ‘ಆಪಲ್ ಆಫ್ ಡಿಸ್ಕಾರ್ಡ್’ ಎನ್ನುವುದು ಇದಕ್ಕೇ.

ಕತೆ ಇಲ್ಲಿಗೆ ಮುಗಿಯಲಿಲ್ಲ. 2005ರಲ್ಲಿ ಖಗೋಳ ವಿಜ್ಞಾನಿ ಮೈಕ್ ಬ್ರೌನ್ ಮತ್ತು ಸಂಗಡಿಗರು ಪ್ಲೂಟೋದಾಚೆ ಒಂದು ಕಾಯವನ್ನು ಗುರುತಿಸಿದರು. ಪ್ಲೂಟೋಗಿಂತ ದೊಡ್ಡದೆಂದೇ ಆಗ ಎಣಿಕೆ. ಹಾಗಾದರೆ ಇದೂ ಗ್ರಹವೇ? ಇದಲ್ಲದಿದ್ದರೆ ಪ್ಲೂಟೋ ಹೇಗೆ ಗ್ರಹ? 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಖಗೋಳ ವಿಜ್ಞಾನಿಗಳು ಮತ ಹಾಕಿದರು, ಪ್ಲೂಟೋ ಗ್ರಹಗಳ ಪಟ್ಟಿಯಿಂದ ಹೊರಬಿತ್ತು. ಮುಂದಿನ ತಿಂಗಳು ಆ ಹೊಸ ಕಾಯಕ್ಕೆ ಹೆಸರಿಟ್ಟರು: ಏರಿಸ್! ಅದರ ಚಂದ್ರನಿಗೆ ಡಿಸ್ನೋಮಿಯಾ, ಏರಿಸ್‌ಳ ಮಗಳು, ಅರಾಜಕತೆ. ವಿಜ್ಞಾನಿಗಳಿಗೂ ತಮಾಷೆ ಬರುತ್ತದೆ. ಆದರೆ ಪ್ರಾಗ್‌ನಲ್ಲಿ ಒಡೆದದ್ದು ಯಾವುದು? ಎದೆಯಲ್ಲ, ವ್ಯಾಖ್ಯೆ. ಆದ್ದರಿಂದ ಅದು ಕಾಂಟ್ರವರ್ಸಿ, ಡಿಸ್ಕಾರ್ಡ್ ಅಲ್ಲ.

ಸೇಬು ಸಮಯ ತಿಂದುಬಿಟ್ಟಿತು, ಉಳಿದದ್ದು ಬೇಗ ಹೇಳುತ್ತೇನೆ. ಒಡೆದದ್ದು ಅಭಿಪ್ರಾಯವಾದರೆ ಡಿಸೆಂಟ್. ತುರ್ತುಪರಿಸ್ಥಿತಿಯಲ್ಲಿ ಬಂಧಿತರಾದವರು ಕೋರ್ಟಿಗೆ ಹೋಗಬಹುದೇ ಎಂಬ 1976ರ ಎಡಿಎಂ ಜಬಲ್ಪುರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಒಂದು ಕಡೆ, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಇನ್ನೊಂದು ಕಡೆ. ಅವರು ಬರೆದದ್ದು ಡಿಸೆಂಟ್, ಅದನ್ನು ಜಗಳ ಎನ್ನಲು ಸಾಧ್ಯವೇ? ಒಡೆದದ್ದು ಹಕ್ಕಾದರೆ ಡಿಸ್ಪ್ಯೂಟ್: ಪಹಣಿ, ಬದು, ಬಾಡಿಗೆ ಬಾಕಿ. ಒಡೆದದ್ದು ಮಠವೋ ಚರ್ಚೋ ಆದರೆ ಸ್ಕಿಸಂ, ಗ್ರೀಕಿನಲ್ಲಿ ಸೀಳು ಎಂದರ್ಥ. ಫ್ರಿಕ್ಷನ್‌ಗಂತೂ ನಮ್ಮ ತಿಕ್ಕಾಟವೇ ಇದೆ, ಎರಡೂ ಉಜ್ಜುವುದರಿಂದಲೇ ಹುಟ್ಟಿದ ಮಾತುಗಳು. ರೈವಲ್ ಎಂಬುದನ್ನು ನಾಲೆಯ ರೈತರಿಗೆ ವಿವರಿಸಬೇಕಾಗಿಯೇ ಇಲ್ಲ. ಲ್ಯಾಟಿನ್ನಿನಲ್ಲಿ ‘ರಿವಾಲಿಸ್’ ಅಂದರೆ ಒಂದೇ ತೊರೆಯ ನೀರು ಹಂಚಿಕೊಳ್ಳುವವನು.

ಉಚ್ಚಾರಣೆ ಎರಡು ಹೇಳಿ ಮುಗಿಸುತ್ತೇನೆ. ಕಾನ್‌ಫ್ಲಿಕ್ಟ್ ನಾಮಪದವಾದರೆ ಒತ್ತು ಮೊದಲಲ್ಲಿ, ಕ್ರಿಯಾಪದವಾದರೆ ಕೊನೆಯಲ್ಲಿ. ಇನ್ನೊಂದು, ಆರ್-ಓ-ಡಬ್ಲ್ಯು. ಸಾಲು ಎಂಬ ಅರ್ಥದಲ್ಲಿ ಅದು ರೋ. ಜಗಳ ಎಂಬ ಅರ್ಥದಲ್ಲಿ ರೌ, ಕೌ ಇದ್ದ ಹಾಗೆ. ವಾರ್ತೆಯಲ್ಲಿ ‘ವಾಟರ್ ರೋ’ ಎಂದು ಓದಿದರೆ ಕೇಳಿದವರು ನಲ್ಲಿಯ ಮುಂದಿನ ಕೊಡಗಳ ಸಾಲು ಎಂದುಕೊಂಡಾರು.

ನಮಸ್ಕಾರ.