ಹಾಲು ಆಗದ ಮಗುವಿನ ಬಟ್ಟಲಲ್ಲಿ ಬೆಲ್ಲ ಎಷ್ಟು?

[ದೃಶ್ಯ: ಅಡುಗೆಮನೆಯ ಕಟ್ಟೆ. ರಾಗಿ ಮಣ್ಣಿಯ ಬಟ್ಟಲು, ಪಕ್ಕದಲ್ಲಿ ಜೋನಿಬೆಲ್ಲದ (ನೀರಾಗಿರುವ ಬೆಲ್ಲದ) ಡಬ್ಬ.]

ನಮಸ್ಕಾರ. "ಹಾಲಿಲ್ಲ, ಮೊಸರಿಲ್ಲ, ತುಪ್ಪವೂ ಇಲ್ಲ. ಪಾಪ, ಬೆಲ್ಲವನ್ನಾದರೂ ಒಂದು ಚಮಚ ಹಾಕಬಾರದೇನೇ?" ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಹಾಲು ಆಗದ ಮಗುವಿದ್ದರೆ ಅಜ್ಜಿಯರು ಕೇಳುವ ಮಾತು ಇದು. ಅವರನ್ನು ದೂರುವುದಕ್ಕೆ ಈ ವಿಡಿಯೋ ಅಲ್ಲ. ಆದರೆ ಇಂಥ ಮಕ್ಕಳ ಊಟದಲ್ಲಿ ಸಕ್ಕರೆ ಏರುವುದು ಹೆಚ್ಚಾಗಿ ಈ ಕನಿಕರದ ದಾರಿಯಿಂದಲೇ. ಹಾಲು ಖಾಲಿ ಮಾಡಿದ ಜಾಗದಲ್ಲಿ ಸಿಹಿ ಬಂದು ಕೂರುತ್ತದೆ.

ಹಾಲು ನಿಲ್ಲಿಸುವ ತೀರ್ಮಾನ ಮಾತ್ರ ವೈದ್ಯರದ್ದಾಗಿರಲಿ. ಭೇದಿಯಾದ ಮೇಲೆ ಕೆಲವು ದಿನ ಹಾಲು ಅರಗದಿರುವುದು ಬೇರೆ, ಹಾಲಿನ ಪ್ರೊಟೀನಿಗೆ ಅಲರ್ಜಿ ಬೇರೆ. ಅಲರ್ಜಿಯಿದ್ದರೆ ಎಮ್ಮೆ ಹಾಲು, ಮೇಕೆ ಹಾಲು ಕೊಟ್ಟು ನೋಡುವ ಪ್ರಯೋಗವೂ ಬೇಡ. ಅವುಗಳ ಪ್ರೊಟೀನು ಆಕಳ ಹಾಲಿನದ್ದನ್ನೇ ಹೋಲುತ್ತದೆ.

[ಪರದೆಯ ಮೇಲೆ: ಮೂರು ಚಿಕ್ಕ ಚಮಚ ಸಕ್ಕರೆ]

ಈಗ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ಸೇರಿಸಿದ ಸಕ್ಕರೆ, ಜೇನುತುಪ್ಪ, ಪಾಕ, ಹಣ್ಣಿನ ರಸ ಎಲ್ಲ ಸೇರಿ ದಿನದ ಶಕ್ತಿಯ ಶೇ 10ಕ್ಕಿಂತ ಕಡಿಮೆ ಇರಬೇಕು, ಶೇ 5ಕ್ಕೆ ಇಳಿದರೆ ಇನ್ನೂ ಒಳ್ಳೆಯದು. ಎರಡು ದಾಟಿದ ಮಗುವಿಗೆ ದಿನಕ್ಕೆ ಸುಮಾರು 1000 ಕ್ಯಾಲೊರಿ ಬೇಕು ಎಂದುಕೊಳ್ಳಿ. ಅದರ ಶೇ 5 ಎಂದರೆ 12 ಗ್ರಾಂ ಚಿಲ್ಲರೆ, ನೀವು ನೋಡುತ್ತಿರುವ ಮೂರು ಚಮಚ. ಎರಡು ವರ್ಷದೊಳಗಿನವರಿಗೆ ಮಕ್ಕಳ ತಜ್ಞರು ಹೇಳುವುದು ಇನ್ನೂ ಸರಳ: ಮೇಲಿನಿಂದ ಹಾಕುವ ಸಿಹಿ ಬೇಡವೇ ಬೇಡ.

"ನಾವು ಸಕ್ಕರೆ ಹಾಕುವುದೇ ಇಲ್ಲ, ಜೋನಿಬೆಲ್ಲ ಮಾತ್ರ" ಎನ್ನುವವರಿಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣದ ಅಂಶವಿದೆ, ನಿಜ. ಉಳಿದ ಬಹುಪಾಲು ಸಕ್ಕರೆಯೇ. ತಂಪು ಎಂದು ಮಣ್ಣಿಗೆ ಹಾಕುವ ಕಲ್ಲುಸಕ್ಕರೆಯಂತೂ ಹರಳುಗಟ್ಟಿದ ಸಕ್ಕರೆ, ಮತ್ತೇನಲ್ಲ. ನಮ್ಮ ಕಾಡಿನ ಜೇನುತುಪ್ಪವೂ ಇದೇ ಲೆಕ್ಕಕ್ಕೆ ಸೇರುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಅಪಾಯಕಾರಿ ಕೂಡ; ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದ ಬೀಜಾಣುಗಳಿಂದ ಬಾಟ್ಯುಲಿಸಂ ಎಂಬ ಗಂಭೀರ ಕಾಯಿಲೆ ಬರಬಹುದು. ನೆಕ್ಕಿಸುವ ಶಾಸ್ತ್ರವನ್ನೂ ಬಿಡಿ.

ಹಾಗಾದರೆ ಬಟ್ಟಲಿಗೆ ಏನು ಹಾಕುವುದು? ಹಾಲು ಕೊಡುತ್ತಿದ್ದದ್ದು ಕೊಬ್ಬು, ಪ್ರೊಟೀನು, ಕ್ಯಾಲ್ಸಿಯಂ, ಬಿ12. ಇವುಗಳಲ್ಲಿ ಯಾವುದನ್ನೂ ಬೆಲ್ಲ ಸರಿದೂಗಿಸುವುದಿಲ್ಲ. ಇವು ಸರಿಯಾಗಿ ಸಿಕ್ಕಿ ಹೊಟ್ಟೆ ತುಂಬಿದರೆ ಮಗು ಸಿಹಿಗೆ ಅಷ್ಟಾಗಿ ಪೀಡಿಸುವುದಿಲ್ಲ.

[ದೃಶ್ಯ: ಮಣ್ಣಿ ಕಾಯಿಸುವುದು]

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮಗು ಒಂದು ಹೊತ್ತಿಗೆ ತಿನ್ನುವುದು 30 ಗ್ರಾಂ ಹಿಟ್ಟಿನ ಮಣ್ಣಿ ಎಂದರೂ ನೂರು ಮಿಲಿಗ್ರಾಂ ಸಿಕ್ಕಿತು. ದಿನಕ್ಕೆ ಬೇಕಾದದ್ದು 500. ಒಂದು ಕಿವಿಮಾತು: ಬಟ್ಟೆಯಲ್ಲಿ ಸೋಸಿ ಮಾಡುವ ಮಣ್ಣಿ ಎಳೆಯ ಕೂಸಿಗೆ ಸರಿ. ಆದರೆ ರಾಗಿಯ ಸಿಪ್ಪೆಯಲ್ಲಿ ಕ್ಯಾಲ್ಸಿಯಂ ಸಾಕಷ್ಟಿರುತ್ತದೆ, ಸೋಸಿದಾಗ ಅದು ಹಿಂಡಿಯ ಜೊತೆ ಹೋಗುತ್ತದೆ. ವರ್ಷ ದಾಟಿದ ಮೇಲೆ ನುಣ್ಣಗಿನ ಹಿಟ್ಟಿನಲ್ಲೇ ಕಾಯಿಸಿ. ಕೊನೆಗೆ ಕಾಯಿಹಾಲು, ಒಂದಿಷ್ಟು ಹುರಿದ ಎಳ್ಳಿನ ಪುಡಿ, ಚೆನ್ನಾಗಿ ಹಣ್ಣಾದ ಪುಟ್ಟಬಾಳೆ ಕಿವುಚಿ ಸೇರಿಸಿ. ಎಳ್ಳಿಗೂ ಕೆಲವು ಮಕ್ಕಳಿಗೆ ಅಲರ್ಜಿ ಇರುತ್ತದೆ, ಮೊದಲ ಸಲ ಚಿಟಿಕೆಯಷ್ಟೇ ಹಾಕಿ. ಹಣ್ಣನ್ನು ಹಣ್ಣಾಗಿಯೇ ತಿಂದರೆ ಅದರ ಸಿಹಿ ಮೇಲೆ ಹೇಳಿದ ಮೂರು ಚಮಚದಲ್ಲಿ ಸೇರುವುದಿಲ್ಲ. ರಸ ಹಿಂಡಿದರೆ ಸೇರುತ್ತದೆ.

ಕಾಯಿಹಾಲನ್ನು ಮಾತ್ರ ಹಾಲಿನ ಬದಲಿ ಎಂದು ನಂಬಬೇಡಿ. ಕೊಬ್ಬು ಧಾರಾಳವಾಗಿದೆ, ಪ್ರೊಟೀನು ಮತ್ತು ಕ್ಯಾಲ್ಸಿಯಂ ತೀರಾ ಕಡಿಮೆ. ತೊಗರಿ, ಹೆಸರುಬೇಳೆ, ನುಗ್ಗೆಸೊಪ್ಪು ದಿನವೂ ಇರಲಿ. ಮೊಟ್ಟೆ ಡೇರಿ ಪದಾರ್ಥವಲ್ಲ. ತಿನ್ನುವ ಮನೆಯವರು, ಅದಕ್ಕೆ ಅಲರ್ಜಿ ಇಲ್ಲದಿದ್ದರೆ, ಕೊಡಬಹುದು. ಮೊಟ್ಟೆ, ಮೀನು ತಿನ್ನದ ಮನೆಗಳಲ್ಲಿ ಹಾಲೂ ನಿಂತರೆ ಬಿ12 ಸಿಗುವ ದಾರಿಯೇ ಮುಚ್ಚುತ್ತದೆ. ಹನಿ ಔಷಧಿ ಬೇಕೇ ಎಂದು ವೈದ್ಯರನ್ನು ಕೇಳಲೇಬೇಕು.

ಈಗಾಗಲೇ ಸಿಹಿ ರೂಢಿಯಾಗಿರುವ ಮಗು ಬೆಲ್ಲವಿಲ್ಲದ ಮಣ್ಣಿಯನ್ನು ಉಗುಳುತ್ತದೆ. ಉಗುಳಲಿ. ಹೊಸ ರುಚಿಯನ್ನು ಮಕ್ಕಳು ಒಪ್ಪಲು ಹತ್ತು ಹದಿನೈದು ಸಲ ಬೇಕಾಗಬಹುದು. ವಾರಕ್ಕಿಷ್ಟು ಎಂದು ಬೆಲ್ಲ ಇಳಿಸುತ್ತಾ ಬನ್ನಿ, ಏಲಕ್ಕಿಯ ಪರಿಮಳ ಇರಲಿ. ಬೆಳಗ್ಗೆ ಸಿಹಿಯೇ ಆಗಬೇಕೆಂದೂ ಇಲ್ಲ: ಮೆತ್ತಗಿನ ಅಕ್ಕಿರೊಟ್ಟಿ, ಖಾರವಿಲ್ಲದ ಕಾಯಿಚಟ್ನಿ, ಮಜ್ಜಿಗೆಯ ಬದಲು ಕಾಯಿಹಾಲು ಮತ್ತು ನಿಂಬೆರಸ ಹಾಕಿದ ಒಂದೆಲಗದ ತಂಬುಳಿ.

[ಪರದೆಯ ಮೇಲೆ: ಪೊಟ್ಟಣದ ಹಿಂಬದಿ]

ಅಂಗಡಿಯ ಸೋಯಾ ಹಾಲು, ಬಾದಾಮಿ ಹಾಲು ಕೊಳ್ಳುವುದಾದರೆ ಹಿಂಬದಿಯಲ್ಲಿ 'ಸೇರಿಸಿದ ಸಕ್ಕರೆ' ಎಂಬ ಸಾಲನ್ನು ಓದಿ. ಮಾಲ್ಟ್ ಪುಡಿಗಳಲ್ಲಿ ಅನೇಕವಕ್ಕೆ ಸಕ್ಕರೆಯ ಜೊತೆ ಹಾಲಿನ ಪುಡಿಯೂ ಸೇರಿರುತ್ತದೆ, ಎರಡೂ ಕಡೆಯಿಂದ ನಷ್ಟ.

ಇನ್ನು ಆಲೆಮನೆ. ಎರಡು ವರ್ಷ ದಾಟಿದ ಮಗು ಆರಿದ ನೊರೆಬೆಲ್ಲವನ್ನು ಬೆರಳಲ್ಲಿ ನೆಕ್ಕಿದರೆ ನಾನಂತೂ ತಡೆಯುವುದಿಲ್ಲ. ಅಲ್ಲಿಂದ ತಂದ ಡಬ್ಬ ದೊಡ್ಡವರ ದೋಸೆಗಿರಲಿ. ಕಾಗದದಷ್ಟು ತೆಳ್ಳಗಿನ ಸಿಹಿತಿಂಡಿ ತೊಡದೇವು ಕೊಟ್ಟರೆ ಮಾತ್ರ, ತುಪ್ಪ ಸವರಿದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.