ಕನ್ಫರ್ಮೇಶನ್: ಈ ಸಲ ಉತ್ತರ ಕೊಡೋದು ನೀವೇ

[ದೃಶ್ಯ: ಚರ್ಚಿನ ಮುಂದಿನ ಬೆಂಚು, ಬಿಳಿ ಬಟ್ಟೆ ತೊಟ್ಟ ಹುಡುಗ ಹುಡುಗಿಯರು]

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆ.

ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯ ಚರ್ಚುಗಳಲ್ಲಿ ಕೂಸಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಕೊಡುವಾಗ ಉತ್ತರ ಹೇಳುವವರು ಅಪ್ಪ ಅಮ್ಮ. ಕೂಸಿಗೇನು ಗೊತ್ತು, ಅಲ್ವಾ? ಬುದ್ಧಿ ಬಂದ ಮೇಲೆ ಆ ಮಗುವೇ ಸಭೆಯ ಮುಂದೆ ಎದ್ದು ನಿಂತು, ಯೇಸುವೇ ನನ್ನ ಕರ್ತ ಎಂದು ತನ್ನ ಬಾಯಿಂದ ಹೇಳಬೇಕು. ಬಿಷಪರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಇದೇ ದೃಢೀಕರಣ. ನಮ್ಮ ಮನೆಗಳಲ್ಲಿ ಹೇಳೋದು ಕನ್ಫರ್ಮೇಶನ್.

ಈ ಪದ್ಧತಿಯ ಹಿಂದೆ ಒಂದು ದೊಡ್ಡ ಜಗಳ ಇದೆ.

[ದೃಶ್ಯ: ಜೂರಿಕ್‌ನ ಹಳೆಯ ಚಿತ್ರ, ಲಿಮ್ಮಾತ್ ನದಿ]

1525ರ ಜನವರಿ, ಸ್ವಿಟ್ಜರ್ಲೆಂಡಿನ ಜೂರಿಕ್. ಕೆಲವರು ಒಂದು ಮನೆಯಲ್ಲಿ ಸೇರಿ, ದೊಡ್ಡವರಾದ ಮೇಲೆ ಹೊಸದಾಗಿ ದೀಕ್ಷಾಸ್ನಾನ ಮಾಡಿಸಿಕೊಂಡರು. ನಂಬಿಕೆ ಅವರವರದ್ದು, ಹೆತ್ತವರು ಮಗುವಿನ ಪರವಾಗಿ ನಂಬೋಕಾಗಲ್ಲ ಅನ್ನೋದು ಅವರ ವಾದ. ನಗರದ ಆಡಳಿತ ಇದನ್ನು ಸಹಿಸಲಿಲ್ಲ. 1527ರಲ್ಲಿ ಅವರಲ್ಲೊಬ್ಬರಾದ ಫೆಲಿಕ್ಸ್ ಮಾನ್ಜ್ ಅವರ ಕೈಕಾಲು ಕಟ್ಟಿ ಲಿಮ್ಮಾತ್ ನದಿಯಲ್ಲಿ ಮುಳುಗಿಸಿ ಕೊಂದರು. ಅವರ ತಾಯಿ, ಸಹೋದರ ಅಲ್ಲೇ ಇದ್ದರು. ಧೈರ್ಯವಾಗಿರು, ಬಿಡಬೇಡ ಎಂದು ಕೂಗಿ ಹೇಳಿದರಂತೆ. ಆ ತಾಯಿಯನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ಅದೇ ಕಾಲದ ಪ್ರೊಟೆಸ್ಟೆಂಟ್ ಸುಧಾರಕ, ಸ್ಟ್ರಾಸ್‌ಬರ್ಗಿನ ಮಾರ್ಟಿನ್ ಬೂಸರ್ ಮಕ್ಕಳ ದೀಕ್ಷಾಸ್ನಾನದ ಪರ ಇದ್ದವರು. ಆದರೂ ಎದುರಾಳಿಗಳ ಪ್ರಶ್ನೆಯಲ್ಲಿ ನ್ಯಾಯ ಇದೆ ಎಂದು ಅವರಿಗೆ ಅನ್ನಿಸಿತು. ಜರ್ಮನಿಯ ಹೆಸ್ಸೆ ಪ್ರಾಂತ್ಯಕ್ಕೆ ಅವರು ರೂಪಿಸಿದ 1539ರ ನಿಯಮಾವಳಿಯಲ್ಲಿ, ಮಕ್ಕಳು ಕಲಿತು, ಸಭೆಯ ಮುಂದೆ ತಾವೇ ನಂಬಿಕೆಯನ್ನು ಅರಿಕೆ ಮಾಡುವ ವಿಧಿ ಬಂತು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್‌ನವರೂ ಅದೇ ಸೀಮೆಯ ಪ್ರೊಟೆಸ್ಟೆಂಟರು.

ಸರಿ, ಎದ್ದು ನಿಂತು ಹೇಳಿದ್ದಾಯಿತು. ಸೋಮವಾರ ಏನು ಮಾಡೋದು?

[ದೃಶ್ಯ: ಬೈಬಲ್, ಲೂಕ 19]

ಯೆರಿಕೋವಿನ ಜಕ್ಕಾಯನನ್ನು ನೋಡಿ. ಸುಂಕದವರ ಮುಖ್ಯಸ್ಥ, ಒಳ್ಳೆ ದುಡ್ಡಿದ್ದವನು. ಯೇಸು ಮನೆಗೆ ಬಂದಾಗ ಅವನು ಯಾವ ವಿಶ್ವಾಸ ಪ್ರಮಾಣವನ್ನೂ ಒಪ್ಪಿಸಲಿಲ್ಲ. ಎದ್ದು ನಿಂತು ಲೆಕ್ಕ ಹೇಳಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ. ಯಾರಿಂದ ಮೋಸದಿಂದ ಕಿತ್ತುಕೊಂಡಿದ್ದೇನೋ ಅವರಿಗೆ ನಾಲ್ಕರಷ್ಟು ವಾಪಸ್. ಈ ಮನೆಗೆ ಈಹೊತ್ತು ರಕ್ಷಣೆಯಾಯಿತು ಎಂದು ಯೇಸು ಹೇಳಿದ್ದು ಈ ಮಾತು ಕೇಳಿದ ಮೇಲೆ.

ನಮ್ಮ ತರಗತಿಗಳಲ್ಲಿ ಹತ್ತು ಆಜ್ಞೆ, ಕರ್ತನ ಪ್ರಾರ್ಥನೆ, ವಿಶ್ವಾಸ ಪ್ರಮಾಣ ಎಲ್ಲ ಬಾಯಿಪಾಠ ಮಾಡಿಸುತ್ತಾರೆ. ಮಾಡಿಸಲಿ, ಒಳ್ಳೆಯದೇ. ಆದರೆ ಜಕ್ಕಾಯನ ಲೆಕ್ಕಕ್ಕೂ ಒಂದು ದಿನ ಇಡಬೇಕು. ಕೈಸಾಲ ತಗೊಂಡು ಮರೆತಂತೆ ಇದ್ದೀಯಾ? ಅಣ್ಣನ ಜೊತೆ ಮಾತು ಬಿಟ್ಟು ಎಷ್ಟು ದಿನ ಆಯ್ತು? ಮನೆಕೆಲಸಕ್ಕೆ ಬರುವ ಅಕ್ಕನ ಹತ್ತಿರ ಯಾವ ದನಿಯಲ್ಲಿ ಮಾತಾಡ್ತೀಯಾ? ಹದಿನೈದು ವರ್ಷದವರಿಗೂ ಇದು ಅರ್ಥವಾಗುತ್ತದೆ, ನಮಗಿಂತ ಚೆನ್ನಾಗಿಯೇ.

ಇನ್ನೊಂದು ಮಾತು, ಮನಸ್ಸು ಇನ್ನೂ ಒಪ್ಪದವರಿಗೆ. ಹೊಸ ಬಟ್ಟೆ ಹೊಲಿಸಿ ಆಗಿದೆ, ನೆಂಟರು ಬರ್ತಾರೆ ಅಂತ ಸುಮ್ನೆ ಹೂಂ ಅನ್ನಬೇಡಿ. "ಅಯ್ಯನವರೇ, ಮುಂದಿನ ವರ್ಷ ನಿಲ್ತೀನಿ" ಎಂದು ಹೇಳುವುದರಲ್ಲಿ ತಪ್ಪಿಲ್ಲ. ಅಪ್ಪ ಅಮ್ಮಂದಿರೇ, ಮಗಳು ಹಾಗೆ ಹೇಳಿದರೆ ದಯವಿಟ್ಟು ಗದರಬೇಡಿ. ಹತ್ತಿರ ಕೂರಿಸಿಕೊಂಡು, ಯಾವುದು ನಂಬೋಕೆ ಕಷ್ಟ ಆಗ್ತಿದೆ ಎಂದು ಕೇಳಿ. ಪೂರ್ತಿ ಹೇಳಿ ಮುಗಿಸುವವರೆಗೂ ನಡುವೆ ಬಾಯಿ ಹಾಕಬೇಡಿ.